ಗಾಜಿನ ಲಾವಾದ ಬುಡದಲ್ಲಿ ಬಿಸಿನೀರು

ಐಸ್‌ಲ್ಯಾಂಡಿನಲ್ಲಿ ಒಂದೇ ದಿನ ಬಿಡುವಿದೆ, ಯಾವ ಕಡೆ ಹೋಗಲಿ ಎಂದು ಕೇಳುವ ಓದುಗರಿಗೆ ನನ್ನ ಉತ್ತರ ಯಾವಾಗಲೂ ಒಂದೇ. ಬೇಸಿಗೆಯಾಗಿದ್ದರೆ ಲಾಂಡ್‌ಮನ್ನಲೋಯ್ಗರ್‌ಗೆ ಹೋಗಿ. ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 190 ಕಿಲೋಮೀಟರ್ ಒಳನಾಡಿನಲ್ಲಿ, ಊರು ಕೇರಿ ಇಲ್ಲದ ಬೆಟ್ಟಗಳ ನಡುವೆ, ಲಾವಾ ರಾಶಿಯ ಬುಡದಿಂದ ಬಿಸಿನೀರು ಹೊರಟು ಹೊಂಡವಾಗಿ ನಿಂತಿರುವ ಜಾಗ ಅದು. ಆದರೆ ನೇರವಾಗಿ ಹೊಂಡಕ್ಕೆ ಓಡಬೇಡಿ. ದಾರಿಯುದ್ದಕ್ಕೂ ನಿಲ್ಲುತ್ತ, ನೋಡುತ್ತ, ಕಲ್ಲು ಮುಟ್ಟುತ್ತ ಹೋಗಿ, ಕೊನೆಗೆ ನೀರಿಗಿಳಿಯಬೇಕು. ಆ ಬಿಸಿ ಎಲ್ಲಿಂದ ಬಂತು ಎಂದು ತಿಳಿದು ಮಾಡುವ ಸ್ನಾನದ ಸುಖವೇ ಬೇರೆ.

ವಿಮಾನ ನಿಲ್ದಾಣದ ಹತ್ತಿರದ ಬ್ಲೂ ಲಗೂನ್ ಎಲ್ಲರಿಗೂ ಗೊತ್ತು. ಅಲ್ಲಿನ ಹಾಲುನೀಲಿ ನೀರು ಚೆನ್ನಾಗಿಯೇ ಇದೆ. ಆದರೆ ಅದು ತಾನಾಗಿ ಹುಟ್ಟಿದ ಬುಗ್ಗೆಯಲ್ಲ. 1976ರಲ್ಲಿ ಶುರುವಾದ ಸ್ವಾರ್ಟ್ಸೆಂಗಿ ಭೂಶಾಖ ಸ್ಥಾವರ ಬಳಸಿ ಹೊರಬಿಟ್ಟ ನೀರು ಲಾವಾ ಬಯಲಿನಲ್ಲಿ ನಿಂತು ಆದ ಕೊಳ. ಲಾಂಡ್‌ಮನ್ನಲೋಯ್ಗರ್‌ನ ನೀರಿಗೆ ಪೈಪಿಲ್ಲ, ಪಂಪಿಲ್ಲ. ಚಳಿಗಾಲಕ್ಕೆ ಮೊದಲು ಬೆಟ್ಟದಲ್ಲಿ ಮೇಯುವ ಕುರಿಗಳನ್ನು ಒಟ್ಟುಗೂಡಿಸಿ ಕೆಳಗೆ ಹೊಡೆದುಕೊಂಡು ಹೋಗಲು ಬರುತ್ತಿದ್ದ ರೈತರು ಶತಮಾನಗಳಿಂದ ದಣಿವು ಕಳೆದುಕೊಂಡ ನೀರು ಅದು.

ಗೈಡ್ ಇರುವ ಜೀಪು ಬೆಳಗ್ಗೆ ರೇಕ್ಯಾವಿಕ್ ಬಿಟ್ಟರೆ ಮೊದಲು ಒಳ್ಳೆಯ ನಿಲುಗಡೆ ಸಿಗುವುದು ಥ್ಯೋರ್ಸಾ ನದಿಯ ಪಕ್ಕದ ಥ್ಯೋರ್ಸಾರ್ದಾಲುರ್ ಕಣಿವೆಯಲ್ಲಿ. ಥ್ಯೋರ್ಸಾ ಆ ದೇಶದ ಅತಿ ಉದ್ದದ ನದಿ, 230 ಕಿಲೋಮೀಟರ್. ಕಣಿವೆಯಲ್ಲಿ ಹ್ಯಾಲ್ಪರ್‌ಫಾಸ್ ಎಂಬ ಜೋಡಿ ಜಲಪಾತವಿದೆ. ನೀರಿಗಿಂತ ಅದರ ಇಕ್ಕೆಲದ ಬಂಡೆ ನೋಡಿ. ಬಸಾಲ್ಟ್ ಕಂಬಗಳು ಬಾಗಿ, ತಿರುಚಿಕೊಂಡು, ಬೀಸಣಿಗೆಯಾಗಿ ಹರಡಿವೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಇದು ಥಟ್ಟನೆ ಗುರುತು ಹತ್ತುತ್ತದೆ. ಲಾವಾ ತಣಿಯುತ್ತ ಕುಗ್ಗುವಾಗ ಬಿರುಕು ಬಿಟ್ಟು ಕಂಬಕಂಬವಾಗುವ ಕ್ರಿಯೆ ಎರಡೂ ಕಡೆ ಒಂದೇ. ವ್ಯತ್ಯಾಸ ವಯಸ್ಸಿನದು. ನಮ್ಮ ದ್ವೀಪದ ಕಂಬಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷ ಹಳೆಯವು. ಐಸ್‌ಲ್ಯಾಂಡಿನ ನೆಲದಲ್ಲಿ ಅಷ್ಟು ಹಳೆಯ ಕಲ್ಲು ಎಲ್ಲೂ ಇಲ್ಲ.

ಈ ಕಣಿವೆಯಲ್ಲಿ ಇನ್ನೊಂದು ಸಂಗತಿಯನ್ನು ತೋರಿಸದೆ ಮುಂದೆ ಹೋಗುವ ಗೈಡ್ ಒಳ್ಳೆಯ ಗೈಡ್ ಅಲ್ಲ. ರಸ್ತೆ ಬದಿಯಲ್ಲಿ ಕಡಿದ ಮಣ್ಣಿನ ಗೋಡೆಯಲ್ಲಿ ಕಂದು ಮಣ್ಣಿನ ನಡುವೆ ಒಂದು ಬಿಳಿ ಪಟ್ಟೆ ಕಾಣುತ್ತದೆ. ಬೆರಳಿನಿಂದ ಕೆರೆದರೆ ತೂತುತೂತಾದ, ಹಗುರವಾದ ಪ್ಯೂಮಿಸ್ ಹರಳು ಉದುರುತ್ತವೆ. ಅದು 1104ರಲ್ಲಿ ಹೆಕ್ಲಾ ಜ್ವಾಲಾಮುಖಿ ಉಗುಳಿದ್ದು. ಮನುಷ್ಯರು ಆ ದ್ವೀಪಕ್ಕೆ ಬಂದು ನೆಲೆಸಿದ ಮೇಲೆ ಹೆಕ್ಲಾ ಸಿಡಿದದ್ದು ಅದೇ ಮೊದಲು. ಹುಲ್ಲುಗಾವಲು, ಹೊಲಮನೆ ಎಲ್ಲದರ ಮೇಲೂ ಬೂದಿ ಸುರಿಯಿತು. ಈ ಕಣಿವೆಯಲ್ಲಿದ್ದ ಸ್ಟೋಂಗ್ ಎಂಬ ಹೊಲಮನೆಯ ಅಡಿಪಾಯವನ್ನು 1939ರಲ್ಲಿ ಅಗೆದು ತೆಗೆದರು. ಆ ಉತ್ಖನನದಲ್ಲಿದ್ದ ಭೂವಿಜ್ಞಾನಿ ಸಿಗುರ್ದುರ್ ಥೋರಾರಿನ್ಸನ್ ಇಲ್ಲಿನ ಬೂದಿಯ ಪದರಗಳನ್ನು ಒಂದೊಂದಾಗಿ ಗುರುತಿಸಿ, ಯಾವ ಪದರ ಯಾವ ಸ್ಫೋಟದ್ದು ಎಂದು ಹೊಂದಿಸಿ, ಅದರಿಂದಲೇ ಕಾಲ ನಿರ್ಣಯ ಮಾಡುವ ವಿದ್ಯೆಯನ್ನು ಕಟ್ಟಿದ. ಅವನ ಪ್ರಬಂಧ 1944ರಲ್ಲಿ ಬಂತು. ಇಂದು ಜಗತ್ತಿನ ಎಲ್ಲ ಜ್ವಾಲಾಮುಖಿ ಪ್ರದೇಶಗಳಲ್ಲೂ ಬಳಕೆಯಲ್ಲಿರುವ ಒಂದು ವಿಜ್ಞಾನ ಈ ಕಣಿವೆಯ ಮಣ್ಣಿನಲ್ಲಿ ರೂಪುಗೊಂಡಿತು ಎಂಬುದು ನನಗೆ ಜಲಪಾತಕ್ಕಿಂತ ದೊಡ್ಡ ನೋಟ.

ಮುಂದೆ ಬಲಕ್ಕೆ ಹೆಕ್ಲಾ, 1491 ಮೀಟರ್. ಮೋಡ ಸರಿದರೆ ನೋಡಿ, ಸರಿಯದಿದ್ದರೆ ಕಾಯಬೇಡಿ. ಮಧ್ಯಯುಗದ ಯೂರೋಪಿನ ಸಂನ್ಯಾಸಿಗಳು ಇದನ್ನು ನರಕದ ಬಾಗಿಲು ಎಂದು ನಂಬಿದ್ದರು; 1750ರಲ್ಲಿ ಎಗ್ಗರ್ಟ್ ಓಲಾಫ್ಸನ್ ಮತ್ತು ಬ್ಯಾರ್ನಿ ಪಾಲ್ಸನ್ ಎಂಬ ಇಬ್ಬರು ತುದಿ ಮುಟ್ಟಿ ಬಂದರು. ಭಯ ಸುಳ್ಳಾಗಿರಲಿಲ್ಲ. 1970ರಲ್ಲಿ ಬಿದ್ದ ಬೂದಿಯ ಫ್ಲೋರೈಡ್ ಹುಲ್ಲಿಗೆ ಅಂಟಿ, ಮೇಯ್ದ ಕುರಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಆಮೇಲೆ 1980, 1991, 2000. ಹೆಕ್ಲಾ ಮುನ್ಸೂಚನೆ ಕೊಡುವುದು ಬಹಳ ಕಡಿಮೆ. 2000ರಲ್ಲಿ ನೆಲ ನಡುಗಲು ಶುರುವಾಗಿ ಒಂದೂವರೆ ಗಂಟೆಯೊಳಗೆ ಬೆಂಕಿ ಹೊರಬಂದಿತ್ತು.

ಇಲ್ಲಿಂದ ಡಾಂಬರು ಮುಗಿಯುತ್ತದೆ. ಗೈಡ್ ಜೀಪು ನಿಲ್ಲಿಸಿ ದೊಡ್ಡ ಟೈರುಗಳ ಗಾಳಿ ಇಳಿಸುತ್ತಾನೆ, ಕಲ್ಲುದಾರಿಯಲ್ಲಿ ಹಿಡಿತ ಸಿಗಲಿ ಎಂದು. ಮರವಿಲ್ಲ, ಪೊದೆಯಿಲ್ಲ, ಕಪ್ಪು ಮರಳು, ಅದರ ಮೇಲೆ ಅಲ್ಲಲ್ಲಿ ಹಸುರು ಪಾಚಿ. ಈ ಪಾಚಿಯ ಮೇಲೆ ಒಮ್ಮೆ ಚಕ್ರ ಹರಿದರೆ ಗುರುತು ದಶಕಗಳ ಕಾಲ ಉಳಿಯುತ್ತದೆ. ದಾರಿ ಬಿಟ್ಟು ವಾಹನ ಓಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಬಾಡಿಗೆಯ ಸಣ್ಣ ಕಾರಿನಲ್ಲಿ ಇಲ್ಲಿಗೆ ಬರುವ ಆಲೋಚನೆಯನ್ನೇ ಬಿಟ್ಟುಬಿಡಿ. ಹೊಳೆ ದಾಟಬೇಕು, ಮಳೆ ಬಂದರೆ ಅದರ ಆಳ ಗಂಟೆಗಂಟೆಗೂ ಬದಲಾಗುತ್ತದೆ.

ಈಗ ಈ ದಿನದ ಮುಖ್ಯ ಕಥೆ. ಲಾಂಡ್‌ಮನ್ನಲೋಯ್ಗರ್ ತಲುಪುವ ಮೊದಲು ಲ್ಯೋತಿಪೊಲ್ಲುರ್ ಎಂಬ ಕುಳಿಯ ಅಂಚಿಗೆ ಜೀಪು ಏರುತ್ತದೆ. ಇಟ್ಟಿಗೆಗಿಂತ ಕೆಂಪಾದ ಗೋಡೆಗಳು, ತಳದಲ್ಲಿ ಕಡುನೀಲಿ ನೀರು. ಆ ನೀರಿಗೆ ಒಳಬರುವ ತೊರೆಯಿಲ್ಲ, ಹೊರಹೋಗುವ ತೊರೆಯೂ ಇಲ್ಲ. ಆದರೂ ಟ್ರೌಟ್ ಮೀನುಗಳಿವೆ. 1477ರಲ್ಲಿ ಇಲ್ಲಿ ಅರವತ್ತು ಕಿಲೋಮೀಟರಿಗೂ ಉದ್ದವಾಗಿ ನೆಲ ಸೀಳಿತು. ಈಶಾನ್ಯದಲ್ಲಿ, ವಾತ್ನಾಯೋಕುಲ್ ಹಿಮರಾಶಿಯ ಅಡಿಯಲ್ಲಿರುವ ಬಾರ್ದರ್‌ಬುಂಗಾ ಜ್ವಾಲಾಮುಖಿಯ ವ್ಯವಸ್ಥೆಗೆ ಸೇರಿದ ಸೀಳು ಅದು. ಬಸಾಲ್ಟ್ ಶಿಲಾಪಾಕ ನೆಲದಡಿಯಲ್ಲೇ ನೈಋತ್ಯಕ್ಕೆ ನುಗ್ಗಿ, ಸಾಲುಸಾಲಾಗಿ ಕುಳಿಗಳನ್ನು ತೆರೆಯಿತು. ಆ ಸಾಲಿನ ದಕ್ಷಿಣದ ತುದಿಯ ಕುಳಿಯೇ ಲ್ಯೋತಿಪೊಲ್ಲುರ್.

ಸೀಳು ಅಲ್ಲಿಗೇ ನಿಲ್ಲಲಿಲ್ಲ. ತೋರ್ಫಾಯೋಕುಲ್ ಎಂಬ ಇನ್ನೊಂದು ಜ್ವಾಲಾಮುಖಿಯ ಒಡಲಿಗೆ ಹೊಕ್ಕಿತು. ಇದರ ಸ್ವಭಾವವೇ ಬೇರೆ. ಐಸ್‌ಲ್ಯಾಂಡಿನ ಬಹುಪಾಲು ಕಲ್ಲು ಕಪ್ಪು ಬಸಾಲ್ಟ್. ಆದರೆ ತೋರ್ಫಾಯೋಕುಲ್ ಆ ದೇಶದ ಅತಿ ದೊಡ್ಡ ರಯೋಲೈಟ್ ಸೀಮೆ. ಹತ್ತು ಕಿಲೋಮೀಟರಿಗೂ ಹೆಚ್ಚು ಅಗಲದ ಅದರ ಕುಸಿದ ಬಾಯಿಯೊಳಗೆ, ಕೆಳಗೆ, ಸಿಲಿಕಾ ಹೆಚ್ಚಿರುವ ರಯೋಲೈಟ್ ಶಿಲಾಪಾಕ ಸುಮ್ಮನೆ ಕೂತಿತ್ತು. ಹೊರಗಿನಿಂದ ನುಗ್ಗಿದ ಬಸಾಲ್ಟ್ ಅದಕ್ಕಿಂತ ಬಿಸಿ. ತಣ್ಣಗಿದ್ದದ್ದನ್ನು ಕೆರಳಿಸಿತು. ಅದೇ ಸ್ಫೋಟಕಾಲದಲ್ಲಿ ಇಲ್ಲಿ ರಯೋಲೈಟ್ ಲಾವಾ ಮೇಲೆ ಬಂತು. ಬಸಾಲ್ಟ್ ಗಂಜಿಯಂತೆ ಹರಿದು ದೂರ ಹೋಗುತ್ತದೆ. ರಯೋಲೈಟ್ ರಾಗಿಮುದ್ದೆಯಂತೆ ಬಿದ್ದಲ್ಲೇ ಕೂರುತ್ತದೆ. ಹಾಗೆ ಕೂತ ರಾಶಿಯೇ ಲೋಯ್ಗಹ್ರೋಯ್ನ್. ಬೆಳಗ್ಗೆ ನೋಡಿದ ಕೆಂಪು ಕುಳಿ, ಮಧ್ಯಾಹ್ನ ನಡೆಯುವ ಈ ಲಾವಾ, ಎರಡೂ ಒಂದೇ ಸೀಳಿನ ಮಕ್ಕಳು. ಇದನ್ನು ತಿಳಿದು ನಡೆದರೆ ಈ ನೆಲದಲ್ಲಿ ಕಾಲಿಡುವ ರೀತಿಯೇ ಬದಲಾಗುತ್ತದೆ.

ಇಂಥ ಜೋಡಿ ಸ್ಫೋಟ ಅದಕ್ಕೂ ಮೊದಲೊಮ್ಮೆ ಆಗಿತ್ತು, 870ರ ದಶಕದ ಆಸುಪಾಸಿನಲ್ಲಿ. ಆಗ ದ್ವೀಪದ ಬಹುಭಾಗಕ್ಕೆ ಎರಡು ಬಣ್ಣದ ಬೂದಿ ಬಿತ್ತು: ಕೆಳಗೆ ತೋರ್ಫಾಯೋಕುಲ್‌ನ ತಿಳಿ ಬಣ್ಣ, ಮೇಲೆ ಬಸಾಲ್ಟಿನ ಕಡು ಬಣ್ಣ. ಐಸ್‌ಲ್ಯಾಂಡಿಗೆ ಬಂದ ಮೊದಲ ಜನರ ಮನೆಗಳ ಕುರುಹು ಹೆಚ್ಚುಕಡಿಮೆ ಈ ಪದರದ ಮೇಲೆಯೇ ಸಿಗುತ್ತದೆ. ದೇಶದ ಚರಿತ್ರೆ ಎಲ್ಲಿಂದ ಶುರು ಎಂದು ಹೇಳಲು ಇತಿಹಾಸಕಾರರು ನೋಡುವುದು ಈ ಜೋಡಿಬಣ್ಣದ ಬೂದಿಯನ್ನು.

ಲೋಯ್ಗಹ್ರೋಯ್ನ್ ಮೇಲಿನ ನಡಿಗೆ ಎರಡು ಗಂಟೆಯ ಸುತ್ತು. ಜೀಪು ನಿಲ್ಲುವ ಜಾಗದಿಂದಲೇ ಲಾವಾದ ಗೋಡೆ ಏರಬೇಕು. ಏರಿದೊಡನೆ ಕಾಲಬಳಿ ಕಪ್ಪಾಗಿ ಮಿನುಗುವ ಕಲ್ಲು ಕಾಣುತ್ತದೆ, ಅಬ್ಸಿಡಿಯನ್. ಹರಳು ಕಟ್ಟಲು ಸಮಯ ಸಿಗದೆ ತಣಿದ ರಯೋಲೈಟ್ ಗಾಜಾಗಿಬಿಟ್ಟಿದೆ. ಮುರಿದ ಅಂಚು ಕೈ ಕೊಯ್ಯುವಷ್ಟು ಹರಿತ. ಶಿಲಾಯುಗದ ಜನ ಬೇರೆ ಬೇರೆ ದೇಶಗಳಲ್ಲಿ ಇಂಥದ್ದರಿಂದಲೇ ಅಲಗು ಮಾಡಿಕೊಂಡಿದ್ದರು. ನೋಡಿ, ಮುಟ್ಟಿ, ಅಲ್ಲೇ ಇಡಿ. 1979ರಿಂದ ಇದು ರಕ್ಷಿತ ಪ್ರದೇಶ.

ಲಾವಾ ದಾಟಿದರೆ ಬ್ರೆನ್ನಿಸ್ಟೈನ್ಸಾಲ್ದಾ, 855 ಮೀಟರಿನ ಬೆಟ್ಟ. ಬಣ್ಣಗಳಿಗೆ ಹೆಸರಾದದ್ದು. ಚಿತ್ರಗಳಲ್ಲಿ ನೋಡಿದವರು ಯಾರೋ ಬಣ್ಣ ಹೆಚ್ಚಿಸಿದ್ದಾರೆ ಎಂದುಕೊಳ್ಳುತ್ತಾರೆ. ಎದುರು ನಿಂತರೆ ಆ ಅನುಮಾನ ಹೋಗುತ್ತದೆ. ಕೆಳಗಿನಿಂದ ಏರುವ ಹಬೆ ರಯೋಲೈಟನ್ನು ನಿಧಾನವಾಗಿ ತಿನ್ನುತ್ತಿದೆ. ಕಬ್ಬಿಣ ತುಕ್ಕಾಗಿ ಕೆಂಪು ಮತ್ತು ಕಾವಿ, ಗಂಧಕ ಕೂತಲ್ಲಿ ಹಳದಿ, ಹಬೆ ಪೂರ್ತಿ ತಿಂದ ಜಾಗದಲ್ಲಿ ಬಿಳಿ ಜೇಡಿ. ಹಬೆಯ ಬಾಯಿಗಳ ಹತ್ತಿರ ದಾರಿಗುರುತಿನ ಕಡ್ಡಿಗಳನ್ನು ಬಿಟ್ಟು ಅತ್ತಿತ್ತ ಹೋಗಬಾರದು. ಮೇಲಿನ ತೆಳು ಮಣ್ಣು ಕುಸಿದರೆ ಕೆಳಗೆ ಕುದಿಯುವ ಕೆಸರು. ಎದುರಿನ ಬ್ಲಾಹ್ನೂಕುರ್ ಬೆಟ್ಟ ಮಾತ್ರ ನೀಲಿ ಬೂದುಬಣ್ಣ. ಅದು ಹಿಂದೊಮ್ಮೆ ದಪ್ಪ ಹಿಮದ ಅಡಿಯಲ್ಲೇ ಸಿಡಿದು ಹುಟ್ಟಿದ್ದು. ಹಿಂತಿರುಗುವಾಗ ಗ್ರೈನಾಗಿಲ್ ಕಮರಿಯ ದಾರಿ ಹಿಡಿಯಿರಿ. ಹಸುರು ಕಲ್ಲಿನ ಗೋಡೆ ಒಂದು ಕಡೆ, ಕಪ್ಪು ಲಾವಾ ಇನ್ನೊಂದು ಕಡೆ, ನಡುವೆ ಹಿಮ ಕರಗಿದ ನೀರು. ಇಡೀ ದಿನದಲ್ಲಿ ನನಗೆ ಅತ್ಯಂತ ಇಷ್ಟದ ಅರ್ಧ ಗಂಟೆ ಅದೇ.

ಆಮೇಲೆ ಸ್ನಾನ. ಹಲಗೆಯ ಕಾಲುದಾರಿ ಜೌಗುನೆಲದ ಮೇಲೆ ಹೊಂಡದವರೆಗೆ ಹೋಗುತ್ತದೆ, ಎರಡು ಬದಿ ಹತ್ತಿಯ ತುಪ್ಪಳದಂಥ ಬಿಳಿ ಹೂ. ಲಾವಾ ರಾಶಿಯ ಅಂಚಿನಿಂದ ಸುಡುನೀರು ಬರುತ್ತದೆ, ಪಕ್ಕದಿಂದ ತಣ್ಣೀರಿನ ತೊರೆ ಸೇರುತ್ತದೆ. ಬೆರೆತ ನೀರು ಸಾಮಾನ್ಯವಾಗಿ 36ರಿಂದ 40 ಡಿಗ್ರಿ. ಬಿಸಿ ಸಾಲದಿದ್ದರೆ ಲಾವಾದ ಕಡೆ ಸರಿಯಿರಿ, ಹೆಚ್ಚಾದರೆ ಈಚೆಗೆ ಬನ್ನಿ. ಆದರೆ ನೀರು ಹೊರಡುವ ಬಾಯಿಯ ಹತ್ತಿರ ಹೋಗಬೇಡಿ, ಸುಡುತ್ತದೆ. ತಳದಲ್ಲಿ ಸಣ್ಣ ಕಲ್ಲು, ಸೊಂಟದವರೆಗೂ ಬರದ ಆಳ. ಕೂತರೆ ಕತ್ತಿನವರೆಗೆ ಬೆಚ್ಚಗೆ, ಮುಖಕ್ಕೆ ಮಾತ್ರ ಬೆಟ್ಟದ ಗಾಳಿ. ಪುತ್ತೂರಿನ ಹತ್ತಿರದ ಇರ್ದೆಯಲ್ಲಿ ನಮ್ಮ ಬೆಂದ್ರ್ ತೀರ್ಥವಿದೆ; ಅಲ್ಲಿ ಜ್ವಾಲಾಮುಖಿಯಿಲ್ಲ, ನೀರು ನೆಲದ ಆಳಕ್ಕಿಳಿದು ಬಿಸಿಯಾಗಿ ಬರುತ್ತದೆ. ಇಲ್ಲಿ ಬಿಸಿಯೇ ಮೇಲಕ್ಕೆ ಬಂದು ನೀರಿಗಾಗಿ ಕಾದಿದೆ. ಮಳೆ ಮತ್ತು ಹಿಮದ ನೀರು ಸ್ವಲ್ಪ ಇಳಿದರೆ ಸಾಕು, ತೋರ್ಫಾಯೋಕುಲ್ ಅದನ್ನು ಕಾಯಿಸಿ ಲಾವಾದ ಅಡಿಯಿಂದ ಹೊರಕ್ಕೆ ಕಳಿಸುತ್ತದೆ.

ಬೇಸಿಗೆಯ ಕೊನೆಯಲ್ಲಿ ಕೆಲವೊಮ್ಮೆ ಈ ನೀರಿನಲ್ಲಿ ಬಾತುಕೋಳಿಗಳಿಂದ ಬರುವ ಕಣ್ಣಿಗೆ ಕಾಣದ ಪರೋಪಜೀವಿಗಳಿರುತ್ತವೆ. ಚರ್ಮ ತುರಿಸುತ್ತದೆ, ಅಪಾಯವಿಲ್ಲ, ಹೊರಬಂದ ಕೂಡಲೇ ಟವೆಲಿನಿಂದ ಚೆನ್ನಾಗಿ ಉಜ್ಜಿಕೊಳ್ಳಿ. ಮಕ್ಕಳಿದ್ದರೆ ಜುಲೈಯಲ್ಲಿ ಹೋಗುವುದು ಒಳ್ಳೆಯದು. ಉಣ್ಣೆಯ ಬಟ್ಟೆ, ಮಳೆಯಂಗಿ ಜುಲೈಯಲ್ಲೂ ಬೇಕೇ ಬೇಕು. ಸ್ನಾನದ ಬಟ್ಟೆಯನ್ನು ಒಳಗೇ ತೊಟ್ಟುಕೊಂಡು ಹೋದರೆ ಗಾಳಿಯಲ್ಲಿ ಬಟ್ಟೆ ಬದಲಿಸುವ ಕಷ್ಟ ಅರ್ಧ ಕಡಿಮೆ.

ಬೆಟ್ಟದ ದಾರಿ ಸಾಮಾನ್ಯವಾಗಿ ಜೂನ್ ಕೊನೆಗೆ ತೆರೆಯುತ್ತದೆ, ಸೆಪ್ಟೆಂಬರಿನಲ್ಲಿ ಹಿಮ ಬಿದ್ದರೆ ಮುಚ್ಚುತ್ತದೆ. ಸೀಟು ಕಾಯ್ದಿರಿಸುವ ಮೊದಲು ಕಂಪನಿಯವರನ್ನು ಎರಡು ಪ್ರಶ್ನೆ ಕೇಳಿ. ಲ್ಯೋತಿಪೊಲ್ಲುರ್‌ನಲ್ಲಿ ನಿಲ್ಲಿಸುತ್ತೀರಾ? ಲಾವಾದ ಮೇಲೆ ಎಷ್ಟು ಹೊತ್ತು ನಡೆಸುತ್ತೀರಿ? ಮೊದಲನೆಯದಕ್ಕೆ ಇಲ್ಲ ಎಂದರೆ, ಅಥವಾ ಎರಡನೆಯದಕ್ಕೆ ಎರಡು ಗಂಟೆಗಿಂತ ಕಡಿಮೆ ಎಂದರೆ, ಆ ಪ್ರವಾಸಕ್ಕೆ ದುಡ್ಡು ಕೊಡಬೇಡಿ; ಬೇರೆಯವರನ್ನು ಹುಡುಕಿ.