ಆಕಾರದಿಂದ ಪದವನ್ನರಸುವ ಕ್ರಮ: ಚೀನೀ ನಿಘಂಟೂ ಕನ್ನಡ ನಿಘಂಟೂ

ನಿಘಂಟುಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಪದಗಳ ಸಂಖ್ಯೆ, ಅರ್ಥದ ಶುದ್ಧಿ, ಪ್ರಯೋಗಗಳ ಪ್ರಾಚುರ್ಯ ಇವುಗಳನ್ನು ಪರಿಶೀಲಿಸುತ್ತಾರೆ. ಪದವನ್ನು ಕಂಡುಹಿಡಿಯಬೇಕಾದರೆ ಓದುಗನಿಗೆ ಮುಂಚಿತವಾಗಿ ಏನು ತಿಳಿದಿರಬೇಕು ಎಂದು ಕೇಳುವವರು ವಿರಳ. ಈ ಪ್ರಶ್ನೆಯು ಚೀನೀ ನಿಘಂಟುಗಳಲ್ಲಿ ಸ್ಪಷ್ಟವಾಗಿ ತೋರುವುದರಿಂದ ಮೊದಲು ಅವುಗಳನ್ನು ನೋಡಿ, ಬಳಿಕ ನಮ್ಮವುಗಳಿಗೆ ಬರುವುದು ಲೇಸು.

ಚೀನೀ ಲಿಪಿಗೆ ವರ್ಣಮಾಲೆಯಿಲ್ಲ. ಅಕ್ಷರವನ್ನು ಕಂಡಮಾತ್ರದಿಂದ ಉಚ್ಚಾರಣೆ ನಿಶ್ಚಯವಾಗಿ ತಿಳಿಯದು. ಆದಕಾರಣ ಕ್ರಿ. ಶ. 100ರ ಸುಮಾರಿನಲ್ಲಿ ಷು ಷೆನ್ ಎಂಬ ಪಂಡಿತನು ಅಕ್ಷರಗಳನ್ನು ಅವುಗಳ ಅಂಗಗಳಿಗನುಸಾರವಾಗಿ 540 ವರ್ಗಗಳಾಗಿ ವಿಂಗಡಿಸಿದನು. 1615ರಲ್ಲಿ ಮೇ ಯಿಂಗ್‌ಜುವೊ ಎಂಬಾತನು ಇವನ್ನು 214ಕ್ಕೆ ಇಳಿಸಿ, ರೇಖೆಗಳ ಎಣಿಕೆಯಂತೆ ಜೋಡಿಸಿದನು. 1716ರಲ್ಲಿ ಮುಗಿದ, 47,000ಕ್ಕೆ ಮೇಲ್ಪಟ್ಟ ಅಕ್ಷರಗಳುಳ್ಳ ಕಾಂಗ್‌ಷೀ ನಿಘಂಟು ಈ ಕ್ರಮವನ್ನೇ ಹಿಡಿಯಿತು. ‘ಒಳ್ಳೆಯದು’ ಎಂಬರ್ಥದ ಅಕ್ಷರದಲ್ಲಿ ಹೆಣ್ಣು, ಮಗು ಎಂಬೆರಡು ಅಂಗಗಳಿವೆ. ಹೆಣ್ಣಿನ ವರ್ಗವನ್ನು ತೆರೆದು, ಉಳಿದ ಮೂರು ರೇಖೆಗಳನ್ನು ಎಣಿಸಿದರೆ ಅದು ದೊರೆಯುತ್ತದೆ.

ಇದು ಶುದ್ಧವಾದ ಆಕಾರಕ್ರಮವೆಂದು ತೋರಬಹುದು, ಆದರೆ ಹಾಗಲ್ಲ. ‘ತೆರೆ’ ಎಂಬರ್ಥದ ಅಕ್ಷರದ ಹೊರರೂಪ ಬಾಗಿಲಿನದು. ಅದು ಬಾಗಿಲಿನ ವರ್ಗದಲ್ಲಿದೆ. ‘ಕೇಳು’ ಎಂದು ಪ್ರಶ್ನಾರ್ಥದಲ್ಲಿ ಬರುವ ಅಕ್ಷರದ ಹೊರರೂಪವೂ ಬಾಗಿಲಿನದೇ. ಅದಾದರೋ ಬಾಯಿಯ ವರ್ಗದಲ್ಲಿದೆ. ಕಿವಿಯಿಂದ ಕೇಳುವುದು ಎಂಬರ್ಥದ ಅಕ್ಷರ ಕಿವಿಯ ವರ್ಗಕ್ಕೆ ಸೇರಿದೆ. ಇವೆರಡರಲ್ಲಿ ಬಾಗಿಲು ಧ್ವನಿಯನ್ನು ಮಾತ್ರ ಸೂಚಿಸುತ್ತದೆ. ವರ್ಗವನ್ನು ನಿಶ್ಚಯಿಸುವುದು ಅರ್ಥ. ಅರ್ಥವನ್ನು ತಿಳಿಯಲೆಂದು ನಿಘಂಟನ್ನು ತೆರೆದವನು ಅರ್ಥವನ್ನು ಊಹಿಸಿಯೇ ಒಳಹೋಗಬೇಕು! ಕಾಂಗ್‌ಷೀ ನಿಘಂಟಿನಲ್ಲಿ ಹುಡುಕಲು ಕಷ್ಟವಾದ ಅಕ್ಷರಗಳಿಗೆ ಬೇರೊಂದು ಪಟ್ಟಿಯನ್ನು ಕೊಡಬೇಕಾದುದು ಇದರಿಂದಲೇ. 1920ರ ದಶಕದಲ್ಲಿ ವಾಂಗ್ ಯುನ್‌ವು ಅವರು ರಚಿಸಿದ ಚತುಷ್ಕೋಣಪದ್ಧತಿ ಈ ತೊಡಕನ್ನು ಬಹುಮಟ್ಟಿಗೆ ತಪ್ಪಿಸಿತು. ಅದರಲ್ಲಿ ಅಕ್ಷರದ ನಾಲ್ಕು ಮೂಲೆಗಳ ರೇಖಾಕೃತಿಗೆ 0ಯಿಂದ 9ರವರೆಗಿನ ಅಂಕಗಳನ್ನು ಕೊಟ್ಟು ಹುಡುಕುತ್ತಾರೆ. ಅರ್ಥವೂ ಬೇಡ, ಧ್ವನಿಯೂ ಬೇಡ. ಒಂದೇ ಸಂಖ್ಯೆಗೆ ಹಲವು ಅಕ್ಷರಗಳು ಬೀಳುವುದೊಂದು ಕೊರತೆ.

ನಮ್ಮದು ಧ್ವನ್ಯನುಸಾರಿಯಾದ ಲಿಪಿ, ನಮಗೆ ಈ ಬವಣೆಯಿಲ್ಲ ಎಂದು ಹೇಳುವುದುಂಟು. ಇದು ಅರ್ಧಸತ್ಯ. ‘ಧರ್ಮ’ ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ಮಕಾರ. ರಕಾರವು ಅದರ ಹಿಂದೆ ಅರ್ಕಾವೊತ್ತಾಗಿ ನಿಂತಿದೆ. ಆದರೂ ನಿಘಂಟಿನಲ್ಲಿ ರಕಾರವೇ ಮುಂದು. ವರ್ಣಮಾಲೆಯ ಕೊನೆಯಲ್ಲಿ ಬೇರೆಯಾಗಿ ಕಲಿಸುವ ಕ್ಷಕಾರವನ್ನು ಕಕಾರದಲ್ಲಿ ಹುಡುಕಬೇಕು. ಇಷ್ಟನ್ನು ಬಾಲಕರೂ ಅಭ್ಯಾಸಬಲದಿಂದ ಕಲಿತುಕೊಳ್ಳುತ್ತಾರೆ. ನಿಜವಾದ ಕಷ್ಟವು ಧ್ವನಿಯೇ ಅಳಿದುಹೋದ ಕಡೆಯಲ್ಲಿದೆ.

ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ‘ಆೞ್’ ಎಂದರೆ ಮುಳುಗು, ‘ಆಳ್’ ಎಂದರೆ ಒಡೆತನ ಮಾಡು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಇಂದಿನ ನಾಲಗೆಗೆ ಈ ಭೇದವಿಲ್ಲ. ಆದುದರಿಂದ ಇಲ್ಲಿ ನಮಗೆ ಉಳಿದಿರುವುದು ಆಕಾರವೊಂದೇ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ, ರಳವುಳ್ಳ ಪದಗಳನ್ನು ಪಟ್ಟಿಮಾಡಿದನು. ಕಿವಿ ಮರೆಯುತ್ತಿದ್ದುದನ್ನು ಕಣ್ಣಿಗಾಗಿ ಕಾಪಾಡಿದ ಈ ಕಾರ್ಯ ಶ್ಲಾಘ್ಯವಾದುದು. ಆದರೆ ಆ ಪಟ್ಟಿ ಬರೆಯುವವನಿಗೆ ನೆರವಾಗುವಷ್ಟು ಓದುವವನಿಗೆ ಆಗದು. 1894ರಲ್ಲಿ ಪ್ರಕಟವಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಿಟ್ಟೆಲರು ಈ ಎರಡು ಅಕ್ಷರಗಳನ್ನೂ ಉಳಿಸಿಕೊಂಡುದು ಸರಿಯಾದ ನಿರ್ಣಯ. ಹೊಸ ಕಾಗುಣಿತದ ಪಠ್ಯದಲ್ಲಿ ‘ಬಾಳ್’ ಎಂದು ಓದುವ ವಿದ್ಯಾರ್ಥಿ ಮಾತ್ರ ಎರಡು ಬಾಗಿಲುಗಳನ್ನೂ ತಟ್ಟಬೇಕಾಗುತ್ತದೆ. ಎರಡನೆಯದೊಂದು ಇದೆಯೆಂದೇ ಅರಿಯದವನು ಕತ್ತಿಯ ಅರ್ಥವನ್ನು ಹಿಡಿದು ಹಿಂದಿರುಗುತ್ತಾನೆ.

ಗಣಕದ ಕಾಲದಲ್ಲೂ ಈ ತೊಡಕು ತೀರಿಲ್ಲ. ಯೂನಿಕೋಡ್ ಸಂಕೇತದಲ್ಲಿ ಱ ಎಂಬುದು ರಕಾರದ ಪಕ್ಕದಲ್ಲಿದೆ. ೞ ಮಾತ್ರ ಹಕಾರವನ್ನೂ ಸ್ವರಚಿಹ್ನೆಗಳನ್ನೂ ದಾಟಿ, ‘ಫ’ ಎಂಬ ತಪ್ಪು ಹೆಸರಿನಿಂದ ಕುಳಿತಿದೆ. ಸಂಕೇತಸಂಖ್ಯೆಯ ಕ್ರಮದಲ್ಲೇ ಪದಗಳನ್ನು ಜೋಡಿಸಿದರೆ ರಳದ ಪದಗಳು ತಮ್ಮ ಬಂಧುಗಳಿಂದ ದೂರವಾಗುವುವು. ವೈಟ್‌ಫೀಲ್ಡ್ ಮೊದಲಾದೆಡೆಗಳಲ್ಲಿ ತಂತ್ರಾಂಶ ರಚಿಸುವವರಿಗೆ ಇದನ್ನು ತಿಳಿಸಿಕೊಡಬೇಕಾದವರು ಭಾಷಾಪಂಡಿತರೇ.

ಒಟ್ಟಿನಲ್ಲಿ, ಪ್ರತಿಯೊಂದು ನಿಘಂಟೂ ಬಾಗಿಲಲ್ಲಿ ಒಂದು ಸುಂಕವನ್ನು ಕೇಳುತ್ತದೆ. ಚೀನೀ ನಿಘಂಟು ಅರ್ಥಜ್ಞಾನವನ್ನೂ ನಮ್ಮದು ಧ್ವನಿಜ್ಞಾನವನ್ನೂ ಬೇಡುವುವು. ಸುಂಕ ತೆರಲಾರದವನಿಗೂ ದಾರಿ ತೋರುವುದೇ ಒಳ್ಳೆಯ ನಿಘಂಟಿನ ಲಕ್ಷಣ. ಚೀನೀಯರು ಕಷ್ಟಾಕ್ಷರಗಳ ಪಟ್ಟಿಯಿಂದ ಇದನ್ನು ಸಾಧಿಸಿದರು. ನಾವೂ ಹಳಗನ್ನಡ ನಿಘಂಟುಗಳಲ್ಲಿ ಳಕಾರದ ಪದದಡಿಯಲ್ಲಿ ‘ೞಕಾರವನ್ನೂ ನೋಡಿ’ ಎಂಬ ಸೂಚನೆಯನ್ನು ತಪ್ಪದೆ ಕೊಡಬೇಕು. ಶಾಸನ ಸಂಪುಟಗಳಿಗೆ ಶತಮಾನವಾರು ಅಕ್ಷರಾಕಾರಗಳ ಸೂಚಿಯನ್ನು, ಉಚ್ಚಾರಣೆಯ ಮೇಲಲ್ಲದೆ ರೇಖೆಯ ಮೇಲೆ ಜೋಡಿಸಿ, ಸೇರಿಸಬೇಕು. ಇವು ಸಣ್ಣ ಕೆಲಸಗಳು. ಆದರೆ ಪಂಪನನ್ನು ಮೊದಲ ಬಾರಿ ಓದುವ ವಿದ್ಯಾರ್ಥಿ ಸರಿಯಾದ ಪದವನ್ನು ತಲಪುವುದೂ ತಲಪದಿರುವುದೂ ಇವುಗಳನ್ನೇ ಅವಲಂಬಿಸಿದೆ.