ಹಲವು ವಠಾರಗಳ ಊರು

ನನ್ನ ಬಿ.ಎಡ್. ದಿನಗಳ ಗೆಳತಿಯ ತಾಯಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ. ಅವಳು ತಿಳಿಸಿರಲಿಲ್ಲವೆಂದಲ್ಲ. ನಾವಿಬ್ಬರೂ ಖಾತೆ ಇಟ್ಟುಕೊಂಡಿದ್ದ ಒಂದು ದೊಡ್ಡ ಜಾಲತಾಣದಲ್ಲಿ ಅಂದೇ ಬರೆದಿದ್ದಳು. ಆದರೆ ಅಷ್ಟು ದಿನವೂ ನನ್ನ ಫೋನಿನಲ್ಲಿ ಕಂಡದ್ದು ಗುರುತಿಲ್ಲದ ಯಾರೋ ಮಾಡಿದ ಗೋಬಿ ಮಂಚೂರಿ, ಸೀರೆ ಅಂಗಡಿಯ ರಿಯಾಯಿತಿ, ನಟಿಯೊಬ್ಬಳ ಮದುವೆ. ನನಗೇನು ಬೇಕು ಎಂಬುದನ್ನು ನನ್ನನ್ನು ಕೇಳದೆ ಒಂದು ಯಂತ್ರ ತೀರ್ಮಾನಿಸಿಬಿಟ್ಟಿತ್ತು.

ಆ ಬೇಸರದಲ್ಲಿದ್ದಾಗ ತಮ್ಮನ ಮಗಳು ನನ್ನನ್ನು ಮಾಸ್ಟೊಡಾನ್‌ಗೆ ಸೇರಿಸಿದಳು. ಎರಡು ವರ್ಷ ಅಲ್ಲಿದ್ದು ನೋಡಿದ್ದೇನೆ. ಹೊಗಳುವುದೂ ಇದೆ, ತೆಗಳುವುದೂ ಇದೆ. ನಮ್ಮಂಥ ಹೆಂಗಸರು ಅಲ್ಲಿಗೆ ಹೋಗುವ ಮೊದಲು ಎರಡನ್ನೂ ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮಾಸ್ಟೊಡಾನ್ ಎಂದರೆ ಎಂದೋ ಅಳಿದುಹೋದ, ಆನೆಯಂಥ ಪ್ರಾಣಿಯ ಹೆಸರು. ಜರ್ಮನಿಯ ಯೂಜೆನ್ ರೋಖ್ಕೊ ಎಂಬ ತರುಣ 2016ರಲ್ಲಿ ಇದನ್ನು ಆರಂಭಿಸಿದ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ, ಆ ವರ್ಷದ ನವೆಂಬರಿನಲ್ಲಿ ನಮ್ಮ ದೇಶದ ಅನೇಕರು ಇತ್ತ ಬಂದರು. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡುಕೊಂಡಾಗ ಜಗತ್ತಿನ ಎಲ್ಲೆಡೆಯಿಂದ ಮತ್ತೊಂದು ಗುಂಪು ಬಂತು.

ಇದರ ರಚನೆಯನ್ನು ತಿಳಿಯಲು ನಮ್ಮ ಸ್ತ್ರೀಶಕ್ತಿ ಸಂಘಗಳ ಒಕ್ಕೂಟವನ್ನು ನೆನೆಸಿಕೊಂಡರೆ ಸಾಕು. ಪ್ರತಿ ಸಂಘಕ್ಕೂ ಅದರದೇ ಲೆಕ್ಕದ ಪುಸ್ತಕ, ಅದರದೇ ಅಧ್ಯಕ್ಷೆ. ಆದರೂ ಎಲ್ಲ ಸಂಘಗಳೂ ಒಂದರೊಡನೊಂದು ವ್ಯವಹರಿಸುತ್ತವೆ. ಹಾಗೆಯೇ ಮಾಸ್ಟೊಡಾನ್ ಒಂದೇ ಕಟ್ಟಡವಲ್ಲ, ಸಾವಿರಾರು ವಠಾರಗಳ ಊರು. ಒಂದೊಂದು ವಠಾರವೂ ಒಂದೊಂದು ಸರ್ವರ್. ಅದನ್ನು ಯಾರೋ ಒಬ್ಬರು, ಇಲ್ಲವೇ ಒಂದು ಸಣ್ಣ ಗುಂಪು ನಡೆಸುತ್ತದೆ. ಈ ವಠಾರದವಳು ಆ ವಠಾರದವಳ ಜೊತೆ ಮಾತಾಡಬಹುದು. ಅದಕ್ಕೆ ಬೇಕಾದ ಸಮಾನ ಭಾಷೆಯ ಹೆಸರು ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ಅಂತರಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದಕ್ಕೆ ಮಾನ್ಯತೆ ಕೊಟ್ಟಿತು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಇಲ್ಲಿ ನಾನು ಯಾರನ್ನು ಆರಿಸಿಕೊಂಡಿದ್ದೇನೋ ಅವರ ಬರಹವಷ್ಟೇ, ಬರೆದ ಹೊತ್ತಿನ ಕ್ರಮದಲ್ಲಿ, ನನ್ನ ಮುಂದೆ ಬರುತ್ತದೆ. ನಡುವೆ ಜಾಹೀರಾತು ತೂರುವುದಿಲ್ಲ. ಓದಿ ಮುಗಿದರೆ ಮುಗಿಯಿತು, ಫೋನು ಕೆಳಗಿಟ್ಟು ಅನ್ನಕ್ಕಿಡಬಹುದು. ಇದರ ಇನ್ನೊಂದು ಮುಖವೂ ಉಂಟು. ಯಂತ್ರ ತಂದು ಸುರಿಯದ ಕಾರಣ ಜನರನ್ನು ನಾವೇ ಹುಡುಕಬೇಕು. ಮೊದಲ ತಿಂಗಳು ಹೊಸ ಊರಿಗೆ ವರ್ಗವಾಗಿ ಹೋದ ಹಾಗಿತ್ತು. ನನಗೆ ಸಿಕ್ಕ ಕನ್ನಡದವರು ಬೆರಳೆಣಿಕೆಯಷ್ಟು.

ಇನ್ನು ತಕರಾರು. ಅದು ನನಗೆ ಅರ್ಥವಾದದ್ದು ಒಂದು ರಾತ್ರಿ ಬಂದ ಸಂದೇಶದಿಂದ. ಹತ್ತನೇ ತರಗತಿಯಲ್ಲಿ ನನ್ನ ಕೈಕೆಳಗೆ ಓದಿದ ಹುಡುಗಿ, ಈಗ ಎರಡು ಮಕ್ಕಳ ತಾಯಿ, ಬೇರೆ ಹೆಸರಿನಿಂದ ಬರೆದಿದ್ದಳು: “ಟೀಚರ್, ಮನೆಯಲ್ಲಿ ಹೊಡೆಯುತ್ತಾರೆ. ಬಿಟ್ಟು ಬರಬೇಕೆಂದಿದ್ದೇನೆ. ಇಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ? ಇದಕ್ಕೆ ಯಜಮಾನನೇ ಇಲ್ಲವಂತೆ.”

ಯಜಮಾನನಿಲ್ಲ ಎಂದು ಅವಳು ತಿಳಿದದ್ದೇ ತಪ್ಪಾಗಿತ್ತು. ಒಬ್ಬ ಯಜಮಾನನ ಬದಲು ಇಲ್ಲಿ ಸಾವಿರಾರು ಯಜಮಾನರಿದ್ದಾರೆ. ನಾವಿಬ್ಬರೇ ಎಂದುಕೊಂಡು ಬರೆಯುವ ಸಂದೇಶವನ್ನು ಅವಳ ವಠಾರದವರೂ, ನನ್ನ ವಠಾರದವರೂ ಮನಸ್ಸು ಮಾಡಿದರೆ ಓದಬಲ್ಲರು. ಅದು ಅಂಟಿಸಿದ ಇನ್‌ಲ್ಯಾಂಡ್ ಪತ್ರವಲ್ಲ, ಪೋಸ್ಟ್ ಕಾರ್ಡು. ಕಳಿಸಿದವರು, ಪಡೆದವರ ಹೊರತು ಮೂರನೆಯವರು ಓದಲಾಗದಂತೆ ಮಾಡುವ ಗೂಢಲಿಪಿ ದೊಡ್ಡ ಕಂಪನಿಯ ವಾಟ್ಸಾಪ್‌ನಲ್ಲಿ 2016ರಿಂದ ಇದೆ. ಕಂಪನಿಗಳಿಂದ ಬಿಡುಗಡೆ ಕೊಡುತ್ತೇನೆನ್ನುವ ಮಾಸ್ಟೊಡಾನ್‌ನಲ್ಲಿ, ನಾನಿದನ್ನು ಬರೆಯುವ ಹೊತ್ತಿಗೂ, ಇಲ್ಲ. ಗುಟ್ಟಿನ ವಿಷಯ ಇಲ್ಲಿ ಬರೆಯಬೇಡಿ ಎಂದು ಅವರೇ ಎಚ್ಚರಿಕೆಯನ್ನೂ ಕೊಡುತ್ತಾರೆ. ಅದು ಪ್ರಾಮಾಣಿಕತೆಯೇನೋ ಹೌದು. ಆದರೆ ಅಳುತ್ತಾ ಬರೆಯುವವಳು ಎಚ್ಚರಿಕೆಯ ಸಾಲನ್ನು ಓದುತ್ತಾಳೆಯೇ?

ಇಷ್ಟೇ ಅಲ್ಲ. ಇಬ್ಬರ ನಡುವಿನ ಸಂದೇಶದಲ್ಲಿ ಮೂರನೆಯವರ ಖಾತೆಯ ಹೆಸರನ್ನು ಆಟ್ ಚಿಹ್ನೆಯೊಡನೆ ಬರೆದರೆ, ಆ ಸಂದೇಶ ಅವರಿಗೂ ತಲುಪುತ್ತದೆ. ಅತ್ತೆಯ ದೂರು ಅತ್ತೆಯ ಕೈಗೇ ಹೋದ ಹಾಗೆ! ‘ಹಿಂಬಾಲಕರಿಗೆ ಮಾತ್ರ’ ಎಂದು ಬರೆದದ್ದೂ ಭದ್ರವಲ್ಲ. ಹಿಂಬಾಲಿಸುವವರು ನಮ್ಮ ಒಪ್ಪಿಗೆ ಕೇಳಬೇಕೆಂಬ ಆಯ್ಕೆಯನ್ನು ನಾವೇ ಹುಡುಕಿ ಒತ್ತದಿದ್ದರೆ, ಯಾರು ಬೇಕಾದರೂ ಹಿಂಬಾಲಕರಾಗಬಹುದು. ಬರೆದದ್ದನ್ನು ಅಳಿಸಿದರೆ, ಅಳಿಸಿ ಎಂಬ ಕೋರಿಕೆ ಬೇರೆ ವಠಾರಗಳಿಗೂ ಹೋಗುತ್ತದೆ. ಅವರು ನಡೆಸಿಕೊಟ್ಟೇ ಕೊಡುತ್ತಾರೆಂಬ ಖಾತರಿಯಿಲ್ಲ.

ಒಕ್ಕೂಟಕ್ಕೂ ಅದರದೇ ಕಷ್ಟವಿದೆ. ದ್ವೇಷ ಕಾರುವ ವಠಾರದ ಸಂಬಂಧವನ್ನು ನಮ್ಮವರು ಕಡಿಯಬಹುದು. 2019ರಲ್ಲಿ ಗ್ಯಾಬ್ ಎಂಬ ತಾಣ ಇದೇ ತಂತ್ರಾಂಶ ಬಳಸಿ ಒಳಬಂದಾಗ ಅನೇಕರು ಹಾಗೆ ಬಾಗಿಲು ಹಾಕಿಕೊಂಡರು. ಒಳ್ಳೆಯದೇ. ಆದರೆ ಎರಡು ವಠಾರಗಳ ಯಜಮಾನರು ಮುನಿಸಿಕೊಂಡರೆ ಅಲ್ಲಿರುವ ನನ್ನ ಗೆಳತಿಯೂ ದೂರವಾಗುತ್ತಾಳೆ. ವಠಾರ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಹಳೆಯ ವಠಾರವನ್ನೇ ಮುಚ್ಚಿದರೆ ಅಲ್ಲಿ ಬರೆದಿಟ್ಟದ್ದೂ ಹೋದಂತೆಯೇ.

ಆದರೂ ನಾನು ಮಾಸ್ಟೊಡಾನ್ ಬಿಟ್ಟಿಲ್ಲ. ಹತ್ತು ಜನರ ಮುಂದೆ ಆಡಬಹುದಾದ ಮಾತಿಗೆ ಇದಕ್ಕಿಂತ ಮರ್ಯಾದೆಯ ಜಗಲಿ ನಾನು ಕಂಡಿಲ್ಲ. ಸೇರುವವರು ವಠಾರದ ನಿಯಮಗಳನ್ನು ಓದಿ, ನಡೆಸುವವರು ಯಾರೆಂದು ವಿಚಾರಿಸಿ ಸೇರಲಿ. ಮನೆ ಬಾಡಿಗೆಗೆ ಹಿಡಿಯುವಾಗ ನಾವು ನೀರು, ಬೀಗ, ಯಜಮಾನರ ಸ್ವಭಾವ ಎಲ್ಲವನ್ನೂ ಕೇಳುವುದಿಲ್ಲವೇ? ಒಳಮನೆಯ ಮಾತನ್ನು ಮಾತ್ರ ಈ ಜಗಲಿಗೆ ತರಬಾರದು.

ಆ ರಾತ್ರಿ ಹುಡುಗಿಗೆ ಒಂದೇ ಸಾಲು ಬರೆದೆ: “ಹಬ್ಬಕ್ಕೆ ತವರಿಗೆ ಬಂದಾಗ ನಮ್ಮ ಮನೆಗೆ ಬಾ, ಅರಿಶಿನ ಕುಂಕುಮಕ್ಕೆ.” ಯಾರು ಓದಿದರೂ ಅದರಲ್ಲಿ ಏನೂ ಸಿಗುವಂತಿರಲಿಲ್ಲ. ಅವಳು ಬಂದಳು. ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಸಂಜೆಯವರೆಗೂ ಮಾತಾಡಿದೆವು. ಅವಳು ಹೇಳಿದ್ದನ್ನು ಇಲ್ಲಿಯೂ ಬರೆಯುವುದಿಲ್ಲ.