ಚೆಂಡು ಬಿಡಿ, ಬೂಟು ನೋಡಿ

ಮೊನ್ನೆ ಸ್ನೇಹಿತರೊಬ್ಬರನ್ನು ಗಾಲ್ಫ್ ಪಂದ್ಯಕ್ಕೆ ಕರೆದುಕೊಂಡು ಹೋಗಿ ತಪ್ಪು ಮಾಡಿದೆ. ಮೊದಲ ಟೀ ಪಕ್ಕದ ಹಗ್ಗಕ್ಕೆ ಆತು ನಿಂತಿದ್ದೆವು. ಆಟಗಾರ ಹೊಡೆದ. ನಮ್ಮವರು ದೀಪಾವಳಿ ರಾಕೆಟ್ ನೋಡುವವರಂತೆ ಕತ್ತೆತ್ತಿ, ‘ಎಷ್ಟು ಗಜ ಹೋಯ್ತ್ರೀ?’ ಎಂದರು. ಎರಡನೆಯವನು ಹೊಡೆದ. ಮತ್ತದೇ ಪ್ರಶ್ನೆ. ಸಂಜೆ ಕಾರು ಹತ್ತುವಾಗ, ‘ಎಲ್ಲ ಚೆನ್ನಾಗಿತ್ತು, ಆದ್ರೆ ಚೆಂಡೇ ಕಾಣಲ್ವಲ್ರೀ’ ಎಂದು ತೀರ್ಪು ಕೊಟ್ಟರು.

ಕಾಣುವುದಿಲ್ಲ, ನಿಜ. ಪೂರ್ತಿ 46 ಗ್ರಾಂ ಕೂಡ ತೂಗದ ಬಿಳಿ ಗುಂಡು ಮೋಡದ ಕೆಳಗೆ ಯಾರಿಗೆ ಕಾಣಬೇಕು? ಕಾಣುವ ಅಗತ್ಯವೂ ಇಲ್ಲ. ಚೆಂಡು ಹಾರುವ ಹೊತ್ತಿಗೆ ಆಟಗಾರನ ಕೆಲಸ ಮುಗಿದಿರುತ್ತದೆ. ಅದು ಹೋದ ದೂರ ನೋಡಿ ಸ್ವಿಂಗ್ ಹೊಗಳುವುದು, ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದು ಗಡಿಯಾರ ನೋಡಿ ಕಛೇರಿ ಹೊಗಳಿದ ಹಾಗೆ.

ಪಾರ್ ಎಂದರೇನು, ಬರ್ಡಿ ಎಂದರೇನು ಎಂದು ನಾನಿಲ್ಲಿ ಹೇಳುವುದಿಲ್ಲ. ಅದೆಲ್ಲ ಲೆಕ್ಕಪತ್ರ, ಅರ್ಧ ಗಂಟೆಯಲ್ಲಿ ಯಾರಾದರೂ ಕಲಿಸುತ್ತಾರೆ. ನಾನು ಹೇಳಬೇಕಾದದ್ದು ಒಂದೇ: ಮೊಣಕಾಲಿನಿಂದ ಕೆಳಗೆ ನೋಡಿ.

ಈ ಬುದ್ಧಿ ನನಗೂ ಹುಟ್ಟುತ್ತಲೇ ಬಂದದ್ದಲ್ಲ. ಸುಮಾರು ಮೂವತ್ತು ವರ್ಷದ ಹಿಂದೆ, ಬೆಂಗಳೂರಿನ ಸ್ಯಾಂಕಿ ರಸ್ತೆಯ ಹಳೇ ಕೋರ್ಸಿನಲ್ಲಿ (1876ರಲ್ಲಿ ಶುರುವಾದದ್ದು ಅದು) ಒಂದು ಡಿಸೆಂಬರ್ ಬೆಳಿಗ್ಗೆ, ನಾನೂ ಕತ್ತೆತ್ತಿ ನಿಂತಿದ್ದೆ. ಪಕ್ಕದಲ್ಲಿ ವಯಸ್ಸಾದ ಕ್ಯಾಡಿ. ‘ಏನ್ ಸಾರ್ ಮೇಲೆ ನೋಡ್ತೀರಾ? ಚೆಂಡು ಹುಡುಕೋದು ನನ್ ಕೆಲ್ಸ. ನೀವು ಬೂಟು ನೋಡಿ’ ಎಂದ. ಆಟಗಾರರು ಮುಂದೆ ಹೋದ ಮೇಲೆ ಟೀ ಹತ್ತಿರ ಕರೆದೊಯ್ದು ಕುಕ್ಕರಗಾಲಲ್ಲಿ ಕೂರಿಸಿದ.

ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಅದರಲ್ಲಿ ಎರಡು ಜೊತೆ ಬೂಟಿನ ಗುರುತು, ಹಸಿರಾಗಿ. ಮೊದಲ ಜೊತೆಯಲ್ಲಿ ಎಡ ಪಾದದ ಹೊರ ಅಂಚೂ ಹಿಮ್ಮಡಿಯೂ ಆಳವಾಗಿ ಒತ್ತಿದ್ದವು. ಬಲ ಪಾದದ ಗುರುತು ತೆಳು. ಹೆಬ್ಬೆರಳ ಜಾಗದಲ್ಲಿ ಮಾತ್ರ ಇಬ್ಬನಿ ಉಜ್ಜಿಹೋಗಿ, ಕುಂಕುಮದ ಭರಣಿ ಇಟ್ಟು ತಿರುಗಿಸಿ ತೆಗೆದಂತೆ ಒಂದು ಸಣ್ಣ ವೃತ್ತ. ಎರಡನೆಯ ಜೊತೆಯಲ್ಲಿ ಬಲ ಪಾದ ಪೂರ್ತಿ ಅಚ್ಚೊತ್ತಿತ್ತು, ಅಲುಗಿದ ಸುಳಿವೇ ಇಲ್ಲ. ಎಡ ಪಾದ ಮುಂದಕ್ಕೆ ಜಾರಿದ ಗೀರು. ‘ಇವ್ರು ಮೈ ಭಾರ ಬಲಗಾಲಲ್ಲೇ ಬಿಟ್ಟು ಹೊಡೆದವ್ರೆ. ಚೆಂಡು ಬಲಕ್ಕೆ, ಮರದ ಸಂದೀಲಿರ್ತದೆ’ ಎಂದ. ಅಲ್ಲೇ ಸಿಕ್ಕಿತು. ಅವನು ಅದು ಹಾರಿದ್ದನ್ನು ನೋಡಿಯೇ ಇರಲಿಲ್ಲ.

ಆ ಮೇಲೆ ನನ್ನ ಕಣ್ಣು ಮೇಲಕ್ಕೇರಿಲ್ಲ. ನಮ್ಮೂರಿನ ಕ್ಯಾಡಿಗಳನ್ನು ಕಡಿಮೆ ಎಣಿಸಬೇಡಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಶುರು ಮಾಡಿದವರು. ಬಗ್ಗಿ ಚೀಲ ಹೊರುವವರಿಗೆ ಕಾಲು ಮೊದಲು ಕಾಣುತ್ತದೆ.

ಈಗ ಪಾಠಕ್ಕೆ ಬರೋಣ. ಬಲಗೈ ಆಟಗಾರನನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಕ್ಲಬ್ ಹಿಂದಕ್ಕೆ ಹೋಗುತ್ತಿದ್ದಂತೆ ಭಾರ ಬಲ ಪಾದಕ್ಕೆ ಸರಿಯುತ್ತದೆ, ಆದರೆ ಪಾದದ ಒಳಬದಿಗೆ. ಹೊರ ಅಂಚಿಗೆ ಉರುಳಿತೋ, ಆ ಹೊಡೆತ ಕೆಟ್ಟಿತು. ಇನ್ನುಳಿದದ್ದನ್ನು ನೋಡದಿದ್ದರೂ ನಷ್ಟವಿಲ್ಲ.

ನಾನು ಎಡ ಹಿಮ್ಮಡಿಯ ಭಕ್ತ. ಕ್ಲಬ್ ಮೇಲೇರುವಾಗ ಅದು ನೆಲ ಬಿಟ್ಟು ಒಂದಿಷ್ಟು ಏಳುತ್ತದೆ. ಸೊಗಸು ಇರುವುದು ಅದು ಏಳುವುದರಲ್ಲಲ್ಲ, ಮರಳುವುದರಲ್ಲಿ. ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಲೇ ಇರುತ್ತದೆ, ಅಷ್ಟರಲ್ಲೇ ಎಡ ಪಾದ ನೆಲ ಒತ್ತಲು ಶುರು ಮಾಡಿರುತ್ತದೆ. ಮೇಲೆ ಕೈ ಒಂದು ದಿಕ್ಕಿಗೆ, ಕೆಳಗೆ ಕಾಲು ಇನ್ನೊಂದು ದಿಕ್ಕಿಗೆ. ಆ ಎಳೆತದಲ್ಲಿ ಮೈ ಹಗ್ಗದಂತೆ ಹುರಿಗೊಳ್ಳುತ್ತದೆ. ಬಲವೆಲ್ಲ ಅಲ್ಲಿಂದ ಬರುತ್ತದೆ. ಕೆರೆ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಮಡಿವಾಳರನ್ನು ನೋಡಿದ್ದೀರಲ್ಲ? ಒದ್ದೆ ಸೀರೆ ಇನ್ನೂ ಹೆಗಲ ಹಿಂದಿರುವಾಗಲೇ ಅವರ ಮುಂಗಾಲು ನೆಲ ಕಚ್ಚಿರುತ್ತದೆ. ಕಾಲೂ ಕೈಯೂ ಒಟ್ಟಿಗೆ ಬಂದರೆ ಸೊಂಟ ಹಿಡಿಯುತ್ತದೆ, ಕೊಳೆ ಹೋಗುವುದಿಲ್ಲ.

ಜ್ಯಾಕ್ ನಿಕ್ಲಾಸ್ ಎಡ ಹಿಮ್ಮಡಿ ಎತ್ತಿ, ಅದನ್ನು ನೆಲಕ್ಕೂರಿಯೇ ಕೆಳಗಿಳಿಯುತ್ತಿದ್ದರು. ಆದರೆ ಅವರ ಗುರು ಜ್ಯಾಕ್ ಗ್ರೌಟ್ ಹುಡುಗನಿಗೆ ಮೊದಲು ಕಲಿಸಿದ್ದು ಹಿಮ್ಮಡಿ ಎತ್ತದೆ, ಪಾದದ ಕೀಲನ್ನು ಒಳಕ್ಕೆ ಹೊರಕ್ಕೆ ಉರುಳಿಸುವುದನ್ನು. ಸರಳೆ ಗಟ್ಟಿಯಾದ ಮೇಲೆ ವರ್ಣ. ಆ ಕಾಲಿನ ಮೇಲೆ 18 ಮೇಜರ್ ಪ್ರಶಸ್ತಿಗಳು ನಿಂತಿವೆ. ಕೊನೆಯದು 1986ರ ಮಾಸ್ಟರ್ಸ್, 46ನೇ ವಯಸ್ಸಿನಲ್ಲಿ. ಸ್ಯಾಮ್ ಸ್ನೀಡ್ ಬೂಟು ಬಿಚ್ಚಿ ಬರಿಗಾಲಲ್ಲಿ ಅಭ್ಯಾಸ ಮಾಡುತ್ತಿದ್ದರು: ಬರಿಗಾಲಲ್ಲಿ ಹದ ತಪ್ಪಿ ಬೀಸಿದರೆ ಮುಗ್ಗರಿಸಬೇಕಾಗುತ್ತದೆ, ಹಾಗಾಗಿ ಮೈ ತಾನೇ ತಾಳಕ್ಕೆ ಬರುತ್ತದೆ. ಬೆನ್ ಹೋಗನ್ ತಮ್ಮ ಬಲ ಬೂಟಿಗೆ ಒಂದು ಮೊಳೆ ಹೆಚ್ಚು ಹಾಕಿಸಿಕೊಂಡಿದ್ದರು. ಒಂದು ಮೊಳೆಗೆ ಇಷ್ಟು ತಲೆ ಕೆಡಿಸಿಕೊಂಡವರನ್ನು ನಾವು ಗಜ ಲೆಕ್ಕದಲ್ಲಿ ಅಳೆಯುತ್ತೇವೆ!

ಇವತ್ತಿನ ಬಹಳ ಆಟಗಾರರು ಹಿಮ್ಮಡಿ ಎತ್ತುವುದೇ ಇಲ್ಲ. ನನಗೆ ಬೇಸರವಾದರೂ ಅದು ತಪ್ಪಲ್ಲ. ಅಂಥವರಲ್ಲಿ ಎಡ ಮೊಣಕಾಲು ನೋಡಿ. ಹಿಮ್ಮಡಿ ಮಾಡುತ್ತಿದ್ದುದನ್ನು ಅದು ಗುಟ್ಟಾಗಿ ಮಾಡುತ್ತದೆ.

ಕಾಲಪ್ರಮಾಣದ ಒಂದು ಮಾತು. ವೃತ್ತಿಪರರ ಸ್ವಿಂಗನ್ನು ವಿಡಿಯೊದಲ್ಲಿ ಎಣಿಸಿದರೆ, ಮೇಲೇರಲು ಹೆಚ್ಚುಕಡಿಮೆ ಮೂರು ಪಾಲು, ಇಳಿದು ಚೆಂಡು ಮುಟ್ಟಲು ಒಂದು ಪಾಲು. ಆ ಒಂದು ಪಾಲು ಸುಮಾರು ಕಾಲು ಸೆಕೆಂಡು. ಮನಸ್ಸಿನಲ್ಲೇ ನಾಲ್ಕು ಮಾತ್ರೆ ಹಾಕಿಕೊಳ್ಳಿ. ಮೂರು ಮುಗಿಯುವ ಮುಂಚೆ ಎಡ ಪಾದ ಕೂತಿರಬೇಕು. ತಡವಾಗಿ ಕೂತರೆ, ತನಿ ಆವರ್ತನದಲ್ಲಿ ಸಮ ತಪ್ಪಿದ ಮೃದಂಗದವರಂತೆ ಆಟಗಾರ ಕೈಯಲ್ಲಿ ತೇಪೆ ಹಾಕುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ಚಪ್ಪಾಳೆ ಬೀಳುತ್ತದೆ. ನಿಮಗೆ ಗೊತ್ತಾಗಬೇಕು.

ಕೊನೆಗೆ ಬಲ ಹಿಮ್ಮಡಿ. ಅದು ನೆಟ್ಟಗೆ ಮೇಲೆ ಹಾರಬಾರದು. ಮೊದಲು ಒಳಕ್ಕೆ ಉರುಳಿ ಆಮೇಲೆ ಏಳಬೇಕು. ಮುಗಿದಾಗ ಬಲ ಪಾದ ಬೆರಳ ತುದಿಯಲ್ಲಿ ನಿಂತು, ಹಿಂದಿರುವವರಿಗೆ ಅಂಗಾಲು ಪೂರ್ತಿ ಕಾಣಬೇಕು. ಸ್ಕಾಟಿ ಶೆಫ್ಲರ್ ಬಲ ಪಾದ ಹಿಂದಕ್ಕೆ ಜಾರುವುದನ್ನು ಮೊಬೈಲಿನಲ್ಲಿ ನೋಡಿ ನಗುವವರಿದ್ದಾರೆ. ಭಾರ ಆಗಲೇ ಎಡಕ್ಕೆ ದಾಟಿದ್ದರಿಂದ ತಾನೇ ಆ ಕಾಲು ಜಾರುವಷ್ಟು ಹಗುರಾದದ್ದು? ಖಾಲಿ ಗಾಡಿ ಉರುಳಿದರೆ ಎತ್ತಿನ ತಪ್ಪೇ? ನಗುವವರು ನಗಲಿ; ಶೆಫ್ಲರ್ 2022 ಮತ್ತು 2024ರಲ್ಲಿ ಮಾಸ್ಟರ್ಸ್ ಗೆದ್ದುಕೊಂಡರು.

2012ರಲ್ಲಿ ಇಂಡಿಯನ್ ಓಪನ್ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಕೋರ್ಸಿಗೆ ಬಂದಿತ್ತು. ಗೆದ್ದವರು ಥಾಯ್ಲೆಂಡಿನ ತಾವೋರ್ನ್ ವಿರಾಚಂತ್. ಕ್ಲಬ್ಬನ್ನು ಹೊರಗೆಲ್ಲೋ ಎತ್ತಿ, ಮೊಣಕೈ ಹಾರಿಸಿ, ಸುತ್ತಿಸಿ ತರುವ ವಿಚಿತ್ರ ಸ್ವಿಂಗ್ ಅವರದು. ನನ್ನ ಪಕ್ಕ ನಿಂತ ಇಬ್ಬರು, ‘ನಮ್ಮ ಕೋಚ್ ಇದನ್ನ ನೋಡಿದ್ರೆ ಮೂರ್ಛೆ ಹೋಗ್ತಾರೆ’ ಎಂದು ಕಿಸಕ್ಕೆಂದರು. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಕಣ್ಣೆದುರು ಅಡ್ಡ ಹಿಡಿದು ವಿರಾಚಂತ್ ಅವರ ಸೊಂಟದಿಂದ ಮೇಲಿನದನ್ನು ಮುಚ್ಚಿದೆ. ಕೆಳಗೆ ಉಳಿದದ್ದು ಪಾಠದ ಪುಸ್ತಕದ ಕಾಲು. ಆ ಇಬ್ಬರಿಗೆ ಪತ್ರಿಕೆ ಕೊಡಲು ಹೋದೆ. ಬಿಸಿಲಿಗೆ ಟೋಪಿ ಮಾಡಿಕೊಳ್ಳಲು ಎಂದುಕೊಂಡು ಥ್ಯಾಂಕ್ಸ್ ಹೇಳಿದರು.

ಈ ಪತ್ರಿಕೆ ಉಪಾಯ ನಿಮಗೂ ಆಗುತ್ತದೆ. ಮನೆಯಲ್ಲಾದರೆ ಟಿವಿಯ ಮೇಲರ್ಧಕ್ಕೆ ಟವೆಲ್ ಇಳಿಬಿಡಿ. ಬಾಬಿ ಜೋನ್ಸ್ 1931ರಲ್ಲಿ ಪಾಠಕ್ಕೆಂದೇ ಮಾಡಿದ ಕಿರುಚಿತ್ರಗಳಿವೆ. ಕಪ್ಪುಬಿಳುಪಿನಲ್ಲಿ ಅವರ ಎಡ ಹಿಮ್ಮಡಿ ಏಳುವುದನ್ನೂ ಮರಳುವುದನ್ನೂ ನೋಡುತ್ತ ಒಂದು ಭಾನುವಾರ ಕಳೆಯಬಹುದು.

ಬಂಕರ್ ಬಗ್ಗೆ ಇಷ್ಟು ಸಾಕು. ಮರಳಿನಲ್ಲಿ ಆಟಗಾರ ಕೋಳಿಯಂತೆ ಪಾದ ಕೆದರುವುದು ಬರೀ ನಿಲ್ಲಲಿಕ್ಕಲ್ಲ. ಕೈಯಿಂದಾಗಲಿ ಕ್ಲಬ್ಬಿನಿಂದಾಗಲಿ ಮರಳನ್ನು ಪರೀಕ್ಷಿಸಲು ನಿಯಮದ ಒಪ್ಪಿಗೆಯಿಲ್ಲ. ನಿಲ್ಲಲು ಪಾದ ಹೂಳಬಹುದು. ಹಾಗಾಗಿ ಮರಳು ಸಡಿಲವೋ ಗಟ್ಟಿಯೋ ಎಂಬ ಸುದ್ದಿ ಅಂಗಾಲಿನಿಂದಲೇ ಬರಬೇಕು.

ಪಟಿಂಗ್‌ನಲ್ಲಿ ಕಾಲಿಗೆ ಕೆಲಸವಿಲ್ಲ, ಆದ್ದರಿಂದ ನನಗೂ ಇಲ್ಲ. ಆದರೂ 2021ರ ಆಗಸ್ಟ್ 7ರಂದು, ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ದಿನ, ದೇಶವೆಲ್ಲ ಬೆಳಿಗ್ಗೆ ಎದ್ದು ಗಾಲ್ಫ್ ನೋಡಿದಾಗ, ನಾನೂ ಅವರ ಪಟರ್ ಬಿಟ್ಟು ಬೇರೇನೂ ನೋಡಲಿಲ್ಲ. ಒಪ್ಪಿಕೊಂಡುಬಿಡುತ್ತೇನೆ.

ಇನ್ನೊಂದು ಒಪ್ಪಿಗೆಯೂ ಉಂಟು. ಕಾಲಿನ ಮಾತೆತ್ತಿದಾಗಲೆಲ್ಲ ಗೆಳೆಯರೊಬ್ಬರು ಅರ್ನೆಸ್ಟ್ ಜೋನ್ಸ್ ಹೆಸರು ಹಿಡಿದು ನನ್ನ ಬಾಯಿ ಮುಚ್ಚಿಸುತ್ತಾರೆ. ಈ ಇಂಗ್ಲಿಷ್ ಆಟಗಾರ ಮೊದಲ ಮಹಾಯುದ್ಧದಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡರು. ಬಂದು ಒಂಟಿ ಕಾಲಲ್ಲಿ ಆಡಿದರು, ಚೆನ್ನಾಗಿಯೇ ಆಡಿದರು, ಆಮೇಲೆ ದೊಡ್ಡ ಗುರುವಾದರು. ಅವರ ಉಪದೇಶ: ಕ್ಲಬ್ಬಿನ ತಲೆಯನ್ನು ಬೀಸು, ಮೈ ತಾನೇ ಹಿಂಬಾಲಿಸುತ್ತದೆ. ನನ್ನ ವಾದಕ್ಕೆ ತದ್ವಿರುದ್ಧ. ಉತ್ತರ ನನ್ನ ಬಳಿ ಇಲ್ಲ. ಉಳಿದ ಒಂದೇ ಎಡಗಾಲಿನ ಮೇಲೆ ಅವರು ಬೀಳದೆ ನಿಂತು ಹೊಡೆಯುವುದನ್ನು ಕಣ್ಣಾರೆ ನೋಡಬೇಕಿತ್ತು ಎಂಬ ಆಸೆ ಮಾತ್ರ ಇದೆ. ಆಗಲೂ ಅವರ ಹಿಮ್ಮಡಿಯನ್ನೇ ನೋಡುತ್ತಿದ್ದೆ.

ನನ್ನ ಸ್ನೇಹಿತರನ್ನು ಮುಂದಿನ ಚಳಿಗಾಲದಲ್ಲಿ ಮತ್ತೆ ಕರೆದೊಯ್ಯುತ್ತೇನೆ. ಪಂದ್ಯಕ್ಕಲ್ಲ, ಯಾವುದೋ ಮಾಮೂಲಿ ವಾರದ ದಿನ, ಮೊದಲ ನಾಲ್ವರು ಟೀ ಬಿಟ್ಟು ಹೋದ ತಕ್ಷಣ. ಚೆಂಡುಗಳು ಹೋಗಿಯಾಗಿರುತ್ತವೆ, ಗಜ ಕೇಳಲು ಅವರಿಗೆ ಏನೂ ಉಳಿದಿರುವುದಿಲ್ಲ. ಬರುವವರು ಆರೂವರೆಗೇ ಬನ್ನಿ, ಬಿಸಿಲೇರಿದರೆ ಇಬ್ಬನಿ ಇರುವುದಿಲ್ಲ.